ಕುಣಿಮಗ್ಗದ ಮುಂದೆ ಟರ್ಕಿ ವ್ಯಾಕರಣ

"ವ್ಯಾಕರಣ ಬಿಟ್ಟು ಟರ್ಕಿ ಭಾಷಾ ಕಲಿಸಾಕ ಬರ್ತೈತೇನ್ರಿ ನಿಮಗ?"

ನರಗುಂದದ ನಮ್ಮ ಮನೆಗೆ ಬಂದು, ಕುಡಿದ ಚಹಾದ ಕಪ್ಪನ್ನು ಕೆಳಗಿಡುವ ಮೊದಲೇ ಆತ ಕೇಳಿದ ಪ್ರಶ್ನೆ ಇದು. ಗಜೇಂದ್ರಗಡದಲ್ಲಿ ಹೊಲಿಗೆ, ಕಸೂತಿ, ಕಂಪ್ಯೂಟರ್ ಎಂದು ನಾಲ್ಕಾರು ಬೋರ್ಡು ತೂಗುಹಾಕಿದ್ದ ಒಂದು ತರಬೇತಿ ಕೇಂದ್ರದ ಸಂಚಾಲಕ. ನಾನು ದಿಲ್ಲಿಯಲ್ಲಿ ಓದುವಾಗ ಟರ್ಕಿ ಭಾಷೆ ಕಲಿತವಳು, ಕೆಲವು ವರ್ಷ ಅದರಿಂದಲೇ ಹೊಟ್ಟೆ ಹೊರೆದವಳು ಎಂದು ಅವನಿಗೆ ಯಾರೋ ಹೇಳಿದ್ದರು. ನಮ್ಮ ಕಡೆ ಈ ವಿದ್ಯೆಗೆ ಗಿರಾಕಿ ಸಿಗುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆ ಖುಷಿಯಲ್ಲಿ ಅವನ ಪ್ರಶ್ನೆ ಕಿವಿಗೆ ಬಿತ್ತೇ ಹೊರತು ತಲೆಗೆ ಇಳಿಯಲಿಲ್ಲ. "ವ್ಯಾಕರಣ ಇಲ್ಲದೆ ಯಾವ ಭಾಷೆ ಬರ್ತೈತ್ರಿ?" ಎಂದು ನಕ್ಕುಬಿಟ್ಟೆ.

ಅವನು ವಿವರಿಸಿದ. ಟರ್ಕಿಯಲ್ಲಿ ಕೈಮಗ್ಗದ ದೊಡ್ಡ ಕೇಂದ್ರವೊಂದಿದೆ, ಇಲ್ಲಿಯ ನೇಕಾರ ಹೆಂಗಸರನ್ನು ಒಂದು ವರ್ಷಕ್ಕೆ ಕರೆಸಿಕೊಳ್ಳುತ್ತಾರೆ, ಮುಂಬೈಯವರು ಯಾರೋ ಮಧ್ಯೆ ಇದ್ದಾರೆ. "ಐದು ಮಂದಿ ಹೆಣ್ಮಕ್ಕಳನ್ನ ಆರಿಸೇನ್ರಿ. ಅಲ್ಲಿ ಸಾಹೇಬರು ವಿಡಿಯೋದಾಗ ಮಾತಾಡಸ್ತಾರ. ನಾಕ ಮಾತು ಬಂದ್ರ ಸಾಕು, ವಿಮಾನ ಹತ್ತಸ್ತೀವಿ" ಎಂದ. ಕಾಲೇಜಿನಲ್ಲಿ ನಾನು ಮಾಡುವ ಕನ್ನಡ ಪಾಠಗಳು ಬೆಳಿಗ್ಗೆಯೇ ಮುಗಿಯುತ್ತಿದ್ದವು. ಮಧ್ಯಾಹ್ನದ ಬಸ್ಸು ಹಿಡಿದು, ರೋಣದಲ್ಲಿ ಬಸ್ಸು ಬದಲಿಸಿ ಗಜೇಂದ್ರಗಡಕ್ಕೆ ಹೋಗಿಬರುವುದೆಂದು ಒಪ್ಪಿಕೊಂಡೆ.

ಕಾಳಿನ ಅಂಗಡಿಯೊಂದರ ಮೇಲಿನ ಕೋಣೆ. ಕಿಟಕಿಯಿಂದ ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು. ಐವರೂ ಬೆಳಗಿನಿಂದ ಮಗ್ಗದಲ್ಲಿ ಕೂತು ಎದ್ದು ಬಂದವರು. ನಲವತ್ತು ದಾಟಿದ್ದ ಹಿರಿಯಾಕೆಯನ್ನು ಉಳಿದ ನಾಲ್ವರು ಅಕ್ಕಾ ಎನ್ನುತ್ತಿದ್ದರು. ನನ್ನನ್ನು ಎಲ್ಲರೂ ಅಕ್ಕಾರ ಎನ್ನುತ್ತಿದ್ದರು, ಇಲ್ಲಿ ಶಾಲೆಯ ಶಿಕ್ಷಕಿಯರನ್ನು ಕರೆಯುವ ಹಾಗೆ.

ಶುರುವಿನಲ್ಲಿ ನಾನು ಮಾಡಿದ್ದು ಶುದ್ಧ ಮೂರ್ಖತನ. ನನಗೆ ದಿಲ್ಲಿಯಲ್ಲಿ ಹೇಗೆ ಕಲಿಸಿದ್ದರೋ ಹಾಗೆಯೇ ಕಲಿಸಲು ಹೊರಟೆ, ಅಂದರೆ ಇಂಗ್ಲಿಷಿನ ಮೂಲಕ. ಇಂಗ್ಲಿಷಿನಲ್ಲಿ ಕ್ರಿಯಾಪದ ನಡುವೆ ಬರುತ್ತದೆ, ಟರ್ಕಿಯಲ್ಲಿ ಕೊನೆಗೆ ಬರುತ್ತದೆ ಎಂದು ಬೋರ್ಡಿನ ಮೇಲೆ ಬಾಣ ಎಳೆದೆ. ಇಂಗ್ಲಿಷಿನಲ್ಲಿ 'ಮನೆ' ಎಂಬ ಪದದ ಮುಂದೆ ಬರುವ 'ಗೆ', 'ಇಂದ'ಗಳು ಟರ್ಕಿಯಲ್ಲಿ ಆ ಪದದ ಹಿಂದೆ ಅಂಟುತ್ತವೆ ಎಂದು ಇನ್ನೊಂದು ಬಾಣ ಎಳೆದೆ. ಹುಟ್ಟಿದಾಗಿನಿಂದ ಕ್ರಿಯಾಪದವನ್ನು ಕೊನೆಗೇ ಇಟ್ಟು ಮಾತಾಡಿದವರಿಗೆ, ಮನಿಗೆ, ಮನಿಯಿಂದ, ಮನ್ಯಾಗ ಎಂದು ಹಿಂದೆಯೇ ಅಂಟಿಸಿ ಬದುಕಿದವರಿಗೆ ಈ ಉಪದೇಶ. ಅವರು ಕಲ್ಲಿನ ಹಾಗೆ ಕೂತು ಕೇಳಿದರು. ಕೊನೆಗೆ ಹಿರಿಯಾಕೆ ಬಾಯಿ ಬಿಟ್ಟಳು.

"ಅಕ್ಕಾರ, ನಮಗ ಇಂಗ್ಲಿಷ್ ಬರೂದಿಲ್ರಿ. ಇದನ್ನ ಕಲೀಬೇಕಂದ್ರ ಮೊದಲ ಅದನ್ನ ಕಲೀಬೇಕೇನ್ರಿ?"

ಆ ದಿನದ ಪಾಠವನ್ನು ಅಲ್ಲಿಗೇ ಮುಗಿಸಿದೆ. ಸಂಜೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ನರಗುಂದದ ಬಸ್ಸಿಗಾಗಿ ಕಾಯುತ್ತ ಕೂತಿದ್ದೆ. ಪಕ್ಕದಲ್ಲಿ ಹತ್ತಿಬೀಜದ ಚೀಲದ ಮೇಲೆ ಕೂತಿದ್ದ ಮನುಷ್ಯನೊಬ್ಬ ಫೋನಿನಲ್ಲಿ ಕಿರುಚುತ್ತಿದ್ದ. "ರೋಣದಾಗದೀನಿ. ಬಸ್ ಬಂದಿಲ್ಲ. ಮನಿಗೆ ಹೊಂಟೀನಿ." ಸುಮ್ಮನೆ ಹೊತ್ತು ಹೋಗಲೆಂದು ಅವನ ಮಾತನ್ನು ಮನಸ್ಸಿನಲ್ಲೇ ಟರ್ಕಿಗೆ ತಿರುಗಿಸಿದೆ. ರೋಣ್‌ದಾಯಿಮ್. ಊರಿನ ಹೆಸರು, ಅದಕ್ಕೆ 'ಅಲ್ಲಿ' ಎನ್ನುವ 'ಆಗ', ಅದಕ್ಕೆ 'ಇದ್ದೇನೆ', ಮೂರೂ ಅದೇ ಸಾಲಿನಲ್ಲಿ, ಒಂದೇ ಉಸಿರಿನಲ್ಲಿ. ಎವೆ ಗಿದಿಯೊರುಮ್. ಮನಿಗೆ ಹೊಂಟೀನಿ. ಇಟ್ಟಿಗೆ ಬದಲಾಗಿದ್ದವು, ಗೋಡೆ ಹಾಗೇ ನಿಂತಿತ್ತು. ನನಗೆ ಮೈ ಉರಿದುಹೋಯಿತು. ಇಷ್ಟು ವರ್ಷ ಈ ಭಾಷೆಯನ್ನು ತಿಂದು ಉಂಡವಳಿಗೆ, ಕನ್ನಡ ಪಾಠ ಮಾಡಿ ಬದುಕುವವಳಿಗೆ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವ ಬುದ್ಧಿ ಇರಲಿಲ್ಲ. ಮಧ್ಯೆ ಇಂಗ್ಲಿಷನ್ನು ನಿಲ್ಲಿಸಿ, ಅದರ ಭುಜದ ಮೇಲಿಂದ ಇಣುಕುತ್ತಿದ್ದೆ.

ಮರುದಿನ ಬೋರ್ಡು ಒರೆಸಿದೆ. "ನಿನ್ನೆ ಮನೆಯವರು ಫೋನ್ ಮಾಡಿ ಎಲ್ಲದೀ ಅಂದ್ರ ಏನಂದ್ರಿ?" ಎಂದು ಕೇಳಿದೆ.

"ಮನ್ಯಾಗದೀನಿ ಅಂದ್ನಿ."

"ಎವ್‌ದೆಯಿಮ್ ಅನ್ರಿ. ಎವ್ ಅಂದ್ರ ಮನಿ. ದೆ ಅಂದ್ರ ಆಗ. ಇಮ್ ಅಂದ್ರ ಅದೀನಿ."

ನಡುವೆ ಬಂದ ಯಕಾರ ಎಲ್ಲಿಯದೆಂದು ಒಬ್ಬಳು ಕೇಳಿದಳು. ಮನೆಗೆ 'ಇಂದ' ಸೇರಿಸಿದರೆ ಮನೆಯಿಂದ ಆಗುತ್ತದಲ್ಲ, ಆ ಯಕಾರವೇ ಇದು ಎಂದೆ. ಎರಡು ಸ್ವರ ಎದುರುಬದುರಾದರೆ ನಮಗೂ ಅವರಿಗೂ ನಡುವೆ ಒಬ್ಬ ಬೇಕು. ಅವಳು ಏಳನೆಯ ಇಯತ್ತೆಯಲ್ಲಿ ಕಲಿತ ಸಂಧಿಯನ್ನು ನೆನೆಸಿಕೊಂಡು, "ಅಯ್ಯ, ಆಗಮ ಸಂಧಿ!" ಎಂದು ತೊಡೆ ತಟ್ಟಿಕೊಂಡಳು.

ಅಲ್ಲಿಂದ ಪಾಠ ಓಡಿತು. 'ಬಂದ್ಯಾ' ಎನ್ನಲು 'ಗೆಲ್‌ದಿನ್ ಮಿ'. ಈ 'ಮಿ' ನಮ್ಮ ಪ್ರಶ್ನೆಯ 'ಆ'ಕಾರದ ಹಾಗೆ ಯಾವುದರ ಬಗ್ಗೆ ಅನುಮಾನವೋ ಅದರ ಬೆನ್ನಿಗೆ ಹೋಗಿ ಕೂರುತ್ತದೆ. 'ನೀನಾ ಬಂದಿ' ಎನ್ನಲು 'ಸೆನ್ ಮಿ ಗೆಲ್‌ದಿನ್', 'ಇವತ್ತಾ ಬಂದಿ' ಎನ್ನಲು 'ಬುಗುನ್ ಮು ಗೆಲ್‌ದಿನ್'. ಕಣ್ಣಾರೆ ಕಾಣದೆ ಕೇಳಿ ತಿಳಿದ ಸುದ್ದಿಗೆ ನಾವು 'ಅಂತ' ಹಚ್ಚುತ್ತೇವೆ, ಅವರು 'ಮಿಶ್' ಹಚ್ಚುತ್ತಾರೆ. "ಹೊಳೆಆಲೂರಾಗ ಮಳಿ ಆಗೇತಂತ" ಎನ್ನುವುದನ್ನು "ಹೊಳೆಆಲೂರ್‌ದಾ ಯಾಮುರ್ ಯಾಮಿಶ್" ಎಂದು ಕಲಿಸಿದ ದಿನ ಐವರೂ ಓಣಿಯ ಸುದ್ದಿಗಳಿಗೆಲ್ಲ ಮಿಶ್ ಹಚ್ಚಿ ನಕ್ಕರು. ಹವಾ, ಸಾಬೂನು, ದುನಿಯಾ, ಹಾಜರು, ನಮ್ಮ ಬಾಯಲ್ಲಿ ಬಹಳ ಹಿಂದಿನಿಂದ ಇರುವ ಮಾತುಗಳು ಅಲ್ಲಿಯೂ ಸಿಕ್ಕವು.

ಎಲ್ಲವೂ ಸಲೀಸಾಗಲಿಲ್ಲ. ಎವ್‌ಗೆ 'ದೆ' ಆದರೆ ರೋಣಕ್ಕೆ ಯಾಕೆ 'ದಾ' ಎಂಬುದು ಕಿವಿಗೆ ಕೂರಲು ಬಹಳ ದಿನ ಹಿಡಿಯಿತು. ಹಿಂದಿನ ಸ್ವರ ಹೇಗೋ ಮುಂದಿನದೂ ಹಾಗೆ ಎಂದು ಎಷ್ಟು ಹೇಳಿದರೂ ನಾಲಿಗೆ ತಪ್ಪುತ್ತಿತ್ತು. ಅದಕ್ಕಿಂತ ದೊಡ್ಡ ತೊಡಕು ನಿಷೇಧದ್ದು. ನಮ್ಮಲ್ಲಿ 'ಇಲ್ಲ' ಮಾತಿನ ಕೊನೆಗೆ ಬರುತ್ತದೆ. ಅವರಲ್ಲಿ ಅದು ಕ್ರಿಯಾಪದದ ಹೊಟ್ಟೆಯೊಳಗೆ ಹೋಗಿ ಕೂತಿರುತ್ತದೆ. ಗೆಲ್‌ದಿಮ್ ಎಂದರೆ ಬಂದೆ, ಗೆಲ್‌ಮೆದಿಮ್ ಎಂದರೆ ಬರಲಿಲ್ಲ. ಇವರು ಇಡೀ ವಾಕ್ಯವನ್ನು ಹೌದೆಂದು ಹೇಳಿ ಮುಗಿಸಿ, ಕೊನೆಗೆ 'ಯೋಕ್' ಎಂದು ಒಂದು ಇಲ್ಲವನ್ನು ಒಗೆಯುತ್ತಿದ್ದರು. "ಬಂದ್ನಿ, ಇಲ್ಲ" ಅಂದ ಹಾಗೆ. ಬೈದು ಬೈದು ನನ್ನ ಗಂಟಲು ಕಟ್ಟಿತು.

ಇಂಥ ಒಂದು ಮಧ್ಯಾಹ್ನ ಸಂಚಾಲಕ ಬಾಗಿಲಲ್ಲಿ ನಿಂತ. ಬೋರ್ಡಿನ ತುಂಬ ಕನ್ನಡ ಅಕ್ಷರ ಕಂಡು ಅವನ ಮುಖ ಹುಳ್ಳಗಾಯಿತು.

"ಏನ್ರಿ ಅಕ್ಕಾರ, ಇದು ಕನ್ನಡ ಸಾಲಿ ಆತಲ್ರಿ. ಇಂಗ್ಲಿಷ್‌ನಾಗ ಬರೆದಿದ್ರ ನೋಡಾವರಿಗೆ ಚಂದ ಕಾಣತಿತ್ತು."

"ಕಲಿಯಾವರು ಅವರು. ನೋಡಾವರಿಗೆ ನಾನೇನು ನಾಟಕ ಆಡಾಕತ್ತೀನೇನು?"

ಅವನು ಜಗಳ ಬೆಳೆಸಲಿಲ್ಲ. ಜೇಬಿನಿಂದ ಫೋನು ತೆಗೆದು, ಮುಂಬೈಯವರು ಕಳಿಸಿದ್ದು ಎಂದು ಒಂದು ರೆಕಾರ್ಡಿಂಗ್ ಹಚ್ಚಿದ. ಹೆಣ್ಣು ಧ್ವನಿಯೊಂದು ಟರ್ಕಿಯಲ್ಲಿ ಒಂದೊಂದೇ ಉತ್ತರ ಹೇಳುತ್ತ ಹೋಯಿತು. ಎವೆತ್, ಅಂದರೆ ಹೌದು. ತಮಾಮ್, ಆಗಲಿ. ಯಾಪಾರಿಮ್, ಮಾಡುತ್ತೇನೆ. ನನಗೆ ದಣಿವಿಲ್ಲ. ನನಗೆ ಸಂತೋಷ. ನಾನು ಕೊನೆತನಕ ಕಾದೆ, ಒಂದು ಪ್ರಶ್ನೆಯೂ ಬರಲಿಲ್ಲ.

"ಇಷ್ಟು ಬಾಯಿಪಾಠ ಮಾಡಸ್ರಿ, ಸಾಕು. ಅವರು ಏನ ಕೇಳಿದ್ರೂ ಇದರಾಗ ಒಂದು ಹೊಂದತೈತಿ" ಎಂದ.

"ಗಿಣಿ ಮಾಡಾಕ ನನ್ನ ಕರಸೀರೇನು?"

"ಗಿಣಿ ಆದ್ರೂ ವಿಮಾನ ಹತ್ತತಾವಲ್ರಿ" ಎಂದು ನಕ್ಕು ಮೆಟ್ಟಿಲಿಳಿದ.

ಮೊದಲ ದಿನ ಅವನು ಕೇಳಿದ್ದು ಏನೆಂದು ನನಗೆ ಆಗ ತಲೆಗೆ ಇಳಿಯಿತು. ಐವರ ಫೋನಿಗೂ ಅವನು ಆ ರೆಕಾರ್ಡಿಂಗನ್ನು ಕಳಿಸಿದ್ದ. ನಾನು ಅದನ್ನು ಮುಟ್ಟುವುದಿಲ್ಲ ಎಂದು ಹೇಳಿ ನನ್ನ ಪಾಠ ಮುಂದುವರಿಸಿದೆ. ಆದರೆ ಮಗ್ಗದ ಮುಂದೆ ಕೂತಾಗ ಅವರು ಅದನ್ನು ಹಚ್ಚಿಕೊಂಡು ಕೇಳುತ್ತಿದ್ದರು. ಬಾಯಿಪಾಠ ಸುಲಭ, ಯಾರಿಗೆ ಬೇಡ?

ಒಂದು ಸಲ ಬಸ್ಸು ತಡವೆಂದು ಹಿರಿಯಾಕೆಯ ಮನೆಗೆ ಹೋಗಿದ್ದೆ. ಮುಂದಿನ ಕೋಣೆಯಲ್ಲೇ ಕುಣಿಮಗ್ಗ, ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವಂಥದು. ಕೆಂಪು ಸೆರಗಿನ ಸೀರೆಯೊಂದು ಅರ್ಧಕ್ಕೆ ಬಂದಿತ್ತು. ಅವಳು ಹೊರಟುಹೋದ ಮೇಲೆ ಕುಣಿ ಮುಚ್ಚಿ, ಮೇಲೆ ಫರಸಿ ಕಲ್ಲು ಹಾಸಿ, ಮೈದುನ ಅಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಡುವುದೆಂದು ಮನೆಯಲ್ಲಿ ಮಾತಾಗಿತ್ತು.

"ಮತ್ತ ವರ್ಷ ಆದಮ್ಯಾಲ ಬಂದು ಎಲ್ಲಿ ಕುಂಡರ್ತೀರಿ?" ಎಂದೆ.

"ಅದೇನೋ ನೋಡೋಣ್ರಿ. ಅಲ್ಲಿ ಮಗ್ಗ ಇರ್ತೈತಲ್ಲ, ಕೈಯಂತೂ ಸುಮ್ಮನ ಕೂಡೂದಿಲ್ಲ. ಅಲ್ಲಿ ಕಲತದ್ದನ್ನ ತಗೊಂಡು ಬಂದ್ರ ಇಲ್ಲಿ ಮನ್ಯಾವರೂ ಬ್ಯಾರೆ ಜಾಗಾ ಕೊಟ್ಟಾರು" ಎಂದಳು. ಗಂಡ ಹೂಂ ಅಂದಿದ್ದ, ಅತ್ತೆ ಹೂಂ ಅಂದಿದ್ದಳು, ಅವಳೂ ಹೂಂ ಅಂದಿದ್ದಳು. ಆ ಟರ್ಕಿಯ ಮಗ್ಗದ ಮೇಲೆ ಭಾರ ಹಾಕಿ ಅವಳು ತನ್ನ ಮನೆಯ ಮಗ್ಗವನ್ನು ಬಿಟ್ಟುಕೊಟ್ಟಿದ್ದಳು.

ಅದಾದ ಕೆಲವೇ ದಿನಕ್ಕೆ ಸಂಚಾಲಕ, "ನಾಳೆ ಕೇಂದ್ರಕ್ಕ ಸೂಟಿ ಐತ್ರಿ, ಬರಬ್ಯಾಡ್ರಿ" ಎಂದ. ಸೂಟಿಯ ಮರುದಿನ ಹೋದರೆ ಐವರೂ ಹಿಗ್ಗಿ ಕೂತಿದ್ದರು.

"ಅಕ್ಕಾರ, ನಿನ್ನೆ ವಿಡಿಯೋದಾಗ ಮಾತಾಡಿದ್ವಿ. ಪಾಸಂತ!"

ಸಿಟ್ಟು ಮೂಗಿನ ತುದಿಗೆ ಬಂತು. ತಡೆದುಕೊಂಡು ಕೇಳಿದೆ. "ಏನ್ ಕೇಳಿದ್ರು?"

"ಭಾಳ ಕೇಳಿದ್ರಿ."

"ನೀವೇನಂದ್ರಿ?"

"ಎವೆತ್ ಅಂದ್ವಿ. ಎಲ್ಲಾಕ್ಕೂ."

"ಅವರು ಕೇಳಿದ್ದು ತಿಳೀತೇನು?"

"ಲಗೂಲಗೂ ಮಾತಾಡಿದ್ರಿ ಅವರು" ಎಂದು ಒಬ್ಬಳು ಮೆಲ್ಲಗೆ ಹೇಳಿದಳು.

ನಾನು ಕುರ್ಚಿಯಿಂದ ಎದ್ದು ಒಬ್ಬೊಬ್ಬರ ಮುಂದೆ ನಿಂತು ಕೇಳುತ್ತ ಹೋದೆ. "ಸೆನ್ ಎಶೆಕ್ ಮಿಸಿನ್?" ಮೊದಲನೆಯವಳು ನಗುತ್ತ "ಎವೆತ್ ಹೊಜಾಮ್" ಎಂದಳು. ಹೊಜಾಮ್ ಎಂದರೆ ಗುರುಗಳೇ. ಎರಡನೆಯವಳು ಎವೆತ್. ಮೂರು, ನಾಲ್ಕು, ಎವೆತ್, ಎವೆತ್. ಹಿರಿಯಾಕೆಯೂ ತಲೆಯಾಡಿಸಿ ಎವೆತ್ ಹೊಜಾಮ್ ಎಂದಳು.

"ನೀನು ಕತ್ತೆ ಏನು ಅಂತ ಕೇಳಿದ್ನಿ. ಐದೂ ಮಂದಿ ಹೌದ್ರಿ ಗುರುಗಳ ಅಂದ್ರಿ!"

ಒಬ್ಬಳಿಗೆ ನಗು ಬಂತು, ನನ್ನ ಮುಖ ನೋಡಿ ಅಲ್ಲೇ ನುಂಗಿದಳು. ನಾನು ಬಾಯಿಗೆ ಬಂದ ಹಾಗೆ ಬೈದೆ. ಗೊತ್ತಿಲ್ಲದ ದೇಶ, ಗೊತ್ತಿಲ್ಲದ ಜನ, ಅವರು ನಿಮ್ಮನ್ನು ಬಾವಿಗೆ ಬೀಳ್ತೀರೇನು ಅಂದರೂ ಎವೆತ್ ಅಂತೀರಿ ಎಂದೆ. ಬೈಗುಳ ಮುಗಿಯುವ ತನಕ ಹಿರಿಯಾಕೆ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಹೇಳಿದಳು.

"ಅಕ್ಕಾರ, ದೊಡ್ಡಾವರು ಮಾತಾಡಿದಾಗ ತಿಳೀಲಿಲ್ಲ ಅಂತ ಹ್ಯಾಂಗ ಅನ್ನೂದ್ರಿ? ನಿಮಗ ಹೇಳಾಕ ಬರೂದಿಲ್ಲ ಅಂದಂಗ ಆಗೂದಿಲ್ಲೇನ್ರಿ?"

ನಾನೂ ಹಾಗೆಯೇ ಬೆಳೆದವಳು. ನಮ್ಮ ಕಡೆ ದವಾಖಾನೆಯಲ್ಲಿ ಡಾಕ್ಟರು ಏನು ಹೇಳಿದರೂ ಹೂನ್ರಿ ಅನ್ನುತ್ತೇವೆ, ಹೊರಗೆ ಬಂದು ಯಾವ ಗುಳಿಗೆ ಯಾವಾಗ ಎಂದು ಔಷಧಿ ಅಂಗಡಿಯವನನ್ನು ಕೇಳುತ್ತೇವೆ. ಕಚೇರಿಯಲ್ಲಿ ಹೂನ್ರಿ, ಬ್ಯಾಂಕಿನಲ್ಲಿ ಹೂನ್ರಿ, ಅತ್ತೆಯ ಮುಂದೆ ಹೂನ್ರಿ. ಮಾತಾಡುವವರ ಮರ್ಯಾದೆ ಕಾಯುವುದಕ್ಕೆ ನಮ್ಮ ಅರಿವನ್ನು ಒತ್ತೆ ಇಡುತ್ತೇವೆ. ಈ ಹೂಂ ಒಂದರ ಮೇಲೆಯೇ ಎಷ್ಟೋ ಮಂದಿ ಕೂತು ಉಣ್ಣುತ್ತಿದ್ದಾರೆ. ಆ ಸಂಚಾಲಕನಿಗೆ ಟರ್ಕಿ ಬರುತ್ತಿರಲಿಲ್ಲ, ಆದರೆ ನಮ್ಮ ಹೂಂ ಅವನಿಗೆ ಚೆನ್ನಾಗಿ ಬರುತ್ತಿತ್ತು.

ಕೆಲಸ ಬಿಟ್ಟುಬಿಡಲೇ ಎಂದು ಬಸ್ಸಿನಲ್ಲಿ ಯೋಚಿಸಿದೆ. ಬಿಟ್ಟರೆ ನಾಳೆಯಿಂದ ರೆಕಾರ್ಡಿಂಗೇ ಅವರ ಗುರು. ನರಗುಂದದಲ್ಲಿ ಇಳಿಯುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದಿದ್ದೆ. ಇನ್ನು ಮೇಲೆ ಒಂದು ಉತ್ತರವನ್ನೂ ಕಲಿಸುವುದಿಲ್ಲ, ಬರೀ ಪ್ರಶ್ನೆ. ಅದೂ ಆ ಕೋಣೆಯಲ್ಲಿ ಅಲ್ಲ. ಅಲ್ಲಿ ನಾನು ಕುರ್ಚಿಯ ಮೇಲಿನ ದೊಡ್ಡಾಕೆ, ನನ್ನ ಮುಂದೆ ತಿಳಿಯಲಿಲ್ಲ ಎನ್ನಲು ಅವರಿಗೆ ಬಾಯಿ ಬರುವುದಿಲ್ಲ.

ಹಾಗಾಗಿ ಪಾಠ ಹಿರಿಯಾಕೆಯ ಮಗ್ಗಕ್ಕೆ ಹೋಯಿತು. ನಾನು ಸೀರೆ ಎತ್ತಿಕಟ್ಟಿ ಕುಣಿಗೆ ಇಳಿದು ಕೂತೆ. ಜೀವಮಾನದಲ್ಲಿ ಲಾಳಿ ಮುಟ್ಟಿದವಳಲ್ಲ. ಹಿರಿಯಾಕೆ ಮೇಲೆ ನಿಂತು ನನಗೆ ಟರ್ಕಿಯಲ್ಲಿ ಹುಕುಂ ಮಾಡಬೇಕು, ಬರದ ಮಾತನ್ನು ಮೊದಲು ನನ್ನಿಂದ ಕೇಳಿ ತಿಳಿದುಕೊಳ್ಳಬೇಕು. "ಎಳಿ ಕಟ್ಟು" ಎನ್ನಲು "ಇಪ್ಲಿಯಿ ಬಾಲಾ" ಎಂದಳು. ನಾನು ಸುಮ್ಮನೆ ಕೂತು ಹೇಳಿದೆ, "ಅನ್ಲಮದಿಮ್." ತಿಳಿಯಲಿಲ್ಲ. "ಬಿರ್ ದಹಾ ಸೊಯ್ಲೆಯಿನ್." ಇನ್ನೊಮ್ಮೆ ಹೇಳಿರಿ. ಅವಳು ಇನ್ನೊಮ್ಮೆ ಹೇಳಿದಳು. "ಹಂಗಿ ಇಪ್ಲಿಕ್?" ಯಾವ ಎಳೆ? ಕೆಂಪಿನದು ಎಂದು ಹೇಳಬೇಕಾಯಿತು. "ನೆರೆಯೆ?" ಎಲ್ಲಿಗೆ? ಆಚೆಯ ಎಳೆಗೆ ಎಂದು ಹೇಳಬೇಕಾಯಿತು. ಒಂದು ಎಳೆ ಕಟ್ಟುವಷ್ಟರಲ್ಲಿ ನಾನು ಅವಳಿಗೆ ನೀರು ಕುಡಿಸಿದೆ. ಕಟ್ಟಿದ ಗಂಟೂ ಬಿಚ್ಚಿಹೋಯಿತು. ಬಾಗಿಲಲ್ಲಿ ಸಾಲಾಗಿ ಕೂತಿದ್ದ ನಾಲ್ವರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅಕ್ಕಾರಿಗೆ ಏನೂ ತಿಳಿಯುವುದಿಲ್ಲ, ಆದರೂ ಯಾರ ಮರ್ಯಾದೆಯೂ ಹೋಗಲಿಲ್ಲ.

ಆಮೇಲೆ ಅವರು ಕೆಳಗೆ, ನಾನು ಮೇಲೆ. ನಿಯಮ ಒಂದೇ. ನನ್ನ ಮಾತು ಕೇಳಿದ ಕೂಡಲೇ ಕೈ ಆಡಿಸಿದವಳು ಎದ್ದು ಹೊರಗೆ ಕೂರಬೇಕು. ಮೊದಲು ಅನ್ಲಮದಿಮ್ ಅನ್ನಬೇಕು, ಯಾವುದು, ಎಲ್ಲಿ, ಯಾಕೆ ಎಂದು ಕೇಳಬೇಕು. ಮೊದಮೊದಲು ಕತ್ತು ಹಿಸುಕಿದರೂ ಆ ಮಾತು ಹೊರಡುತ್ತಿರಲಿಲ್ಲ. ಹಿರಿಯಾಕೆ ಬಾಯಿಗೆ ಕೈ ಅಡ್ಡ ಹಿಡಿದು, ಕಣ್ಣು ನೆಲಕ್ಕೆ ಹಾಕಿ, "ಅನ್ಲಮದಿಮ್‌ರಿ" ಎಂದಳು. ಟರ್ಕಿಗೂ ಒಂದು 'ರಿ' ಹಚ್ಚಿದ ಮೇಲೆಯೇ ಅವಳಿಗೆ ಸಮಾಧಾನ. ಇರಲಿ ಎಂದು ಬಿಟ್ಟೆ. ಮುಂದೆ ಅದು ತಾನೇ ಉದುರಿತು. ಹೊಟ್ಟೆಯೊಳಗಿನ ನಿಷೇಧವೂ ಅಲ್ಲಿಯೇ, ಲಾಳಿ ಆಚೆ ಈಚೆ ಓಡುವ ಸಪ್ಪಳದಲ್ಲಿ ಬಾಯಿಗೆ ಕೂತಿತು. ತಿಳೀಲಿಲ್ಲ, ಹರೀಲಿಲ್ಲ, ಬರಲಿಲ್ಲ ಎಂದು ದಿ­ನವೂ ಅನ್ನುವ ವಾಕ್ಯಗಳಲ್ಲೇ.

ಎರಡನೆಯ ಮಾತುಕತೆಯೇ ಕೊನೆಯದು, ಅದಾದ ಮೇಲೆ ಟಿಕೆಟ್ ಎಂದು ಸಂಚಾಲಕ ತಿಳಿಸಿದ. ನಾನಿಲ್ಲದೆ ನಡೆಸಿದರೆ ಕೇಂದ್ರದ ಬಾಗಿಲಲ್ಲೇ ಕೂತು ಕೂಗುತ್ತೇನೆ ಎಂದೆ. ನಾನು ಕೂಗಬಲ್ಲೆ ಎಂಬುದು ಅವನಿಗೆ ಅಷ್ಟು ಹೊತ್ತಿಗೆ ಗೊತ್ತಾಗಿತ್ತು. ಕ್ಯಾಮೆರಾಕ್ಕೆ ಕಾಣದ ಹಾಗೆ, ಬಾಯಿ ಮುಚ್ಚಿಕೊಂಡು ಕೂರುವ ಶರತ್ತಿನ ಮೇಲೆ ಒಪ್ಪಿದ.

ಐವರೂ ಹೊಸ ಸೀರೆ ಉಟ್ಟು ಸಾಲಾಗಿ ಕೂತರು. ಲ್ಯಾಪ್‌ಟಾಪಿನಲ್ಲಿ ಕೋಟು ತೊಟ್ಟ ನಗುಮುಖದ ಮನುಷ್ಯನೊಬ್ಬ ಕಾಣಿಸಿಕೊಂಡ. ಹೇಗಿದ್ದೀರಿ, ಹವೆ ಹೇಗಿದೆ ಎಂದು ಕೇಳಿದ. ಕೆಲಸಕ್ಕೆ ಹಾಜರೇ ಎಂದು ಕೇಳಿದ. ಲ್ಯಾಪ್‌ಟಾಪಿನ ಹಿಂದೆ ನಿಂತ ಸಂಚಾಲಕ ತುಟಿ ಆಡಿಸಿ ಎವೆತ್, ಎವೆತ್ ಎಂದು ತೋರಿಸುತ್ತಿದ್ದ. ಇಬ್ಬರು ಎವೆತ್ ಎಂದರು. ಆಮೇಲೆ ಆ ಮನುಷ್ಯ ಒಂದು ಉದ್ದ ವಾಕ್ಯವನ್ನು ಸರಸರ ಹೇಳಿ, ಕೊನೆಗೆ "ತಮಾಮ್ ಮಿ?" ಎಂದ.

ನನಗೆ ತಿಳಿಯಿತು. ವಾರಕ್ಕೆ ಆರು ದಿನ ಕೋಣೆಗಳನ್ನು ಸ್ವಚ್ಛ ಮಾಡುತ್ತೀರಿ, ಹಾಸಿಗೆಯ ಚಾದರ ಬದಲಿಸುತ್ತೀರಿ, ಆಗಬಹುದಲ್ಲ, ಎಂದು ಅವನು ಕೇಳಿದ್ದ. ಶರತ್ತು ಹಾಳಾಗಲಿ ಎಂದು ನಾನು ಕುರ್ಚಿ ಹಿಂದೆ ಸರಿಸುವಷ್ಟರಲ್ಲಿ ಹಿರಿಯಾಕೆಯ ಧ್ವನಿ ಬಂತು.

"ಅನ್ಲಮದಿಮ್. ಬಿರ್ ದಹಾ ಸೊಯ್ಲೆಯಿನ್."

"ಎವೆತ್ ಅನ್ನಬೇ, ಎವೆತ್!" ಎಂದು ಸಂಚಾಲಕ ಹಲ್ಲು ಕಚ್ಚಿ ಪಿಸುಗುಟ್ಟಿದ. ಅವಳು ಅವನ ಕಡೆ ನೋಡಲಿಲ್ಲ.

ಪರದೆಯ ಮನುಷ್ಯ ಸೌಜನ್ಯದಿಂದಲೇ ನಿಧಾನವಾಗಿ ಮತ್ತೆ ಹೇಳಿದ. ಅವಳು ಒಂದು ಮಾತನ್ನು ಹಿಡಿದಳು. "ಹಂಗಿ ಒದಾ?" ಯಾವ ಕೋಣೆ?

"ಒತೆಲ್ ಒದಾಲಾರಿ" ಎಂದ ಅವನು. ಹೋಟೆಲಿನ ಕೋಣೆಗಳು.

ಹೋಟೆಲ್ ಎಂಬುದು ಎಲ್ಲ ಭಾಷೆಯಲ್ಲೂ ಹೋಟೆಲೇ. ಅವಳು ತಡೆತಡೆದು, ಆದರೆ ಒಂದಕ್ಷರ ತಪ್ಪದೆ ಕೇಳಿದಳು. "ದೊಕುಮಾ ತೆಜ್‌ಗಾಹಿ ನೆರೆದೆ?" ನೇಯುವ ಮಗ್ಗ ಎಲ್ಲಿದೆ?

ಆ ಮನುಷ್ಯನಿಗೆ ಅರ್ಥವಾಗಲಿಲ್ಲವೆಂದಲ್ಲ, ಇಂಥ ಪ್ರಶ್ನೆ ಯಾಕೆ ಬಂತೆಂದು ತಿಳಿಯಲಿಲ್ಲ. ಪಕ್ಕದಲ್ಲಿದ್ದ ಯಾರನ್ನೋ ನೋಡಿದ. "ಮಗ್ಗವೇ? ಮಗ್ಗ ಇಲ್ಲಮ್ಮ. ಇದು ಹೋಟೆಲು" ಎಂದ.

"ಬೆನ್ ದೊಕುಮಾಜಿಯಿಮ್" ಎಂದಳು. ನಾನು ನೇಕಾರಳು. ಮತ್ತೆ, ಈ ಸಲ ಅವನ ಮುಖವನ್ನು ನೇರ ನೋಡಿ, "ಗೆಲ್‌ಮಿಯೊರುಮ್." ಬರುವುದಿಲ್ಲ.

ಸಂಚಾಲಕ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿದ. ನಾನು ಎದ್ದು ನಿಂತಿದ್ದೆ.

"ಹೋಟೆಲ್ ಆದ್ರೇನಾತ್ರಿ? ಕೆಲಸ ಕೆಲಸನ ಅಲ್ಲೇನು? ಮುಂಬೈಯಾವರು ಕೈಕೆಲಸ ಅಂದಿದ್ರು. ಚಾದರ ಹಾಕೂದೂ ಕೈಲೇನ ಅಲ್ಲೇನ್ರಿ?"

"ಯಾವ ಕೈಕೆಲಸ ಅಂತ ಒಂದು ಮಾತು ಕೇಳಿದ್ರಿಲ್ಲೋ?"

"ನನಗೆಲ್ಲಿ ಟರ್ಕಿ ಬರ್ತೈತ್ರಿ?"

"ಮುಂಬೈಯಾವರನ್ನ ಕೇಳಾಕ ಟರ್ಕಿ ಬೇಕಿತ್ತೇನು? ಕೇಳಿದ್ರ ಗೊತ್ತಾಗಿಬಿಡ್ತೈತಿ ಅಂತ ಕೇಳಿಲ್ಲ ನೀವು. ಗೊತ್ತಿಲ್ಲ ಅಂತ ಕೈ ತೊಳಕೊಳ್ಳಾಕ ಅನುಕೂಲ ಆಗ್ತೈತಿ ಅಂತ ಕೇಳಿಲ್ಲ!"

ಕೆಳಗಿನ ಕಾಳಿನ ಅಂಗಡಿಯವರು ಮೆಟ್ಟಿಲು ಹತ್ತಿ ಬಂದು ನೋಡುವಷ್ಟು ಕೂಗಿದೆ. ಆ ಸಿಟ್ಟಿನ ಬಗ್ಗೆ ನನಗೆ ಇವತ್ತಿಗೂ ಒಂದಿಷ್ಟೂ ಪಶ್ಚಾತ್ತಾಪವಿಲ್ಲ. ಕೂಗಾಟದ ನಡುವೆ, ಐವರಲ್ಲಿ ಚಿಕ್ಕವರಿಬ್ಬರು ಎದ್ದು ನಿಂತು, "ಅಕ್ಕಾರ, ಹೋಟೆಲ್ ಆದ್ರೂ ನಾವು ಹೋಗ್ತೀವ್ರಿ" ಎಂದರು. ನನ್ನ ಸಿಟ್ಟು ಅವರ ಕಡೆಗೂ ತಿರುಗಿತು. ಆದರೆ ಏನಂತ ಬೈಯಲಿ? ತಿಳಿದು ಹೋಗುತ್ತೇನೆ ಎಂದವರನ್ನು ತಡೆಯಲು ನಾನು ಯಾರು? ಕೋಣೆ, ಚಾದರ, ಸಂಬಳ, ರಜೆ, ಇವುಗಳ ಮಾತು ಕಲಿಸುತ್ತೇನೆ, ನಾಳೆ ನರಗುಂದಕ್ಕೆ ನಮ್ಮ ಮನೆಗೇ ಬನ್ನಿ ಎಂದೆ. ಉಳಿದಿಬ್ಬರು ಚಪ್ಪಲಿ ಮೆಟ್ಟಿ ಹೊರಟುಹೋದರು.

ಹಿರಿಯಾಕೆಯೂ ಮೆಟ್ಟಿಲಿಳಿದಳು. ಮನೆತನಕ ಬಿಟ್ಟುಬರುತ್ತೇನೆಂದು ಜೊತೆಗೆ ನಡೆದೆ. ದಾರಿಯುದ್ದ ನಾನು ಸಂಚಾಲಕನಿಗೆ ಶಾಪ ಹಾಕುತ್ತಿದ್ದೆ.

ಅವಳ ಮನೆಯ ಹೊಸ್ತಿಲಿನ ಮೇಲೆ ಕೆಂಪು ಗರಸು ಮಣ್ಣು ಚೆಲ್ಲಿತ್ತು. ಒಳಗೆ ಮಗ್ಗದ ಕಟ್ಟಿಗೆಗಳನ್ನು ಬಿಚ್ಚಿ ಗೋಡೆಗೆ ಆನಿಸಿದ್ದರು. ಅರ್ಧ ನೇಯ್ದ ಸೀರೆಯನ್ನು ಹಾಸಿನ ಎಳೆಗಳ ಸಮೇತ ಸುತ್ತಿ ಮೂಲೆಯಲ್ಲಿಟ್ಟಿದ್ದರು. ಕುಣಿ ಇರಲಿಲ್ಲ, ನೆಲದ ಮಟ್ಟಕ್ಕೆ ಗರಸು ತುಂಬಿತ್ತು. ಮೈದುನ ಕೈಕಾಲಿಗೆ ಮೆತ್ತಿದ ಮಣ್ಣು ಕೊಡವುತ್ತ ನಿಂತಿದ್ದ.

"ವೈನಿ, ನಾಳೆ ಫರಸಿ ಹಾಕಾವರು ಬರ್ತಾರ. ಅದಕ್ಕ ಇವತ್ತ ತುಂಬಿಸಿಬಿಟ್ನಿ" ಎಂದ ಅತ್ತಿಗೆಗೆ. ಅವಳ ಮುಖ ನೋಡಿ ಅವನ ಧ್ವನಿ ಇಳಿಯಿತು. "ನೀವ ಹೂಂ ಅಂದಿದ್ರಲ್ಲ?"

ನಾನು ಬೈಯಲೆಂದು ಬಾಯಿ ತೆರೆದೆ, ಬೈಗುಳ ಸಿಗಲಿಲ್ಲ. ಆ ಹುಡುಗ ಸುಳ್ಳು ಹೇಳಿರಲಿಲ್ಲ.

"ಅಂದೀನಿ. ನೀ ಕೇಳಿದಾಗೆಲ್ಲಾ ಹೂಂ ಅಂದೀನಿ" ಎಂದಳು ಅವಳು. "ಖರೇ ಹೇಳಬೇಕಂದ್ರ ಒಂದ ಸಲಾನೂ ಮನಸಿನಿಂದ ಅಂದಿದ್ದಿಲ್ಲಪಾ. ಈಗ ಕೇಳು. ಬ್ಯಾಡ."

"ಮತ್ತ ಅಂಗಡಿ?"

"ನನಗ ಗೊತ್ತಿಲ್ಲ. ಮಗ್ಗ ಇಲ್ಲೇ ಇರ್ತೈತಿ."

ಒಳಗಿನಿಂದ ಅತ್ತೆ ಬಂದು ಬಾಗಿಲಿಗೆ ಒರಗಿ ನಿಂತಳು. ಗಂಡನನ್ನು ಕೇಳಬೇಕು, ಹಿರಿಯರನ್ನು ಕೇಳಬೇಕು ಎಂದು ಏನೋ ಹೇಳಿದಳು. ಹಿರಿಯಾಕೆ ಹೂಂ ಅನ್ನಲಿಲ್ಲ. ಹೊಸ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೆ ಆನಿಸಿದ್ದ ಸಲಿಕೆ ತೆಗೆದುಕೊಂಡು ಗರಸಿಗೆ ಹಾಕಿದಳು. ನಾನು ಬುಟ್ಟಿ ಹಿಡಿದೆ.

ಮೂರ್ನಾಲ್ಕು ಬುಟ್ಟಿ ಹೊರಗೆ ಹೋದ ಮೇಲೆ ಮೈದುನ ಫೋನು ತೆಗೆದು ಅಂಗಳಕ್ಕಿಳಿದ. ಫರಸಿಯವರಿಗೆ ಅವನು ಹೇಳುತ್ತಿದ್ದದ್ದು ಒಳಗೆ ನಮಗೆ ಕೇಳಿಸಿತು. "ನಾಳೆ ಬರಬ್ಯಾಡ್ರಿ. ಇಲ್ಲ, ನಾಡದೂ ಬ್ಯಾಡ್ರಿ. ನಮ್ಮ ವೈನಿ ಒಲ್ಲೆ ಅಂತಾಳ."